ಗಾಳಕ್ಕೆ ಸಿಕ್ಕ ಚರಿತ್ರೆ

ಕಾಸರಗೋಡಿನಿಂದ ವರ್ಗವಾಗಿ ಕೊಯಮತ್ತೂರಿನ ಆರ್.ಎಸ್. ಪುರಂ ಸೇರಿದ ಮೇಲೆ ನನ್ನನ್ನು ಕಾಡಿದ್ದು ಹೊಳೆಯಿಲ್ಲದ ಬೇಸರ. ಚಂದ್ರಗಿರಿ ಹೊಳೆಯಲ್ಲಿ ಚಿಕ್ಕಂದಿನಿಂದ ಗಾಳ ಹಾಕಿದ ಕೈ ಸುಮ್ಮನಿರುತ್ತದೆಯೇ? ಬ್ಯಾಂಕಿಗೆ ರಜೆಯಿದ್ದ ದಿನ ನಸುಕಿಗೇ ಎದ್ದು, ಮೈದಾ ಹಿಟ್ಟಿನ ಉಂಡೆ ಕಟ್ಟಿಕೊಂಡು, ಒಮ್ಮೆ ಮುತ್ತಣ್ಣನ್ ಕುಳಕ್ಕೆ, ಒಮ್ಮೆ ಸೂಲೂರಿನ ಕೆರೆಗೆ ಹೋಗತೊಡಗಿದೆ. ನೊಯ್ಯಲ್ ನದಿಯ ನೀರನ್ನು ಕಾಲುವೆಗಳಿಂದ ತಿರುಗಿಸಿ ಹಿಂದಿನವರು ತುಂಬಿಸುತ್ತಿದ್ದ ಕೆರೆಗಳು ಇವು.

ಒಂದು ದಿನ ಗಾಳಕ್ಕೆ ಎರಡು ಜೊತೆ ಮೀಸೆಯ, ಹೊಂಬಣ್ಣದ ದಪ್ಪ ಮೀನು ಬಿತ್ತು. ಪಕ್ಕದಲ್ಲಿ ಕುಳಿತಿದ್ದವರು ದೇವಾಂಗ ನೇಕಾರ ಹಿರಿಯರು, ಮನೆಯಲ್ಲಿ ಕನ್ನಡ ಆಡುವವರು. ಮೀನು ನೋಡಿ, "ಇದು ನಮ್ಮ ಗೆಂಡೆ ಅಲ್ಲ ಸಾರ್, ಸರ್ಕಾರದ ಗೆಂಡೆ" ಅಂದರು.

ಮಾತು ನಿಜ. ಸಾಮಾನ್ಯ ಗೆಂಡೆ ಎಂದು ಇಲಾಖೆ ಕರೆಯುವ ಈ ಮೀನು ಸಾಮಾನ್ಯವೇನೂ ಅಲ್ಲ, ಪರದೇಶಿ. 1939ರಲ್ಲಿ ಸಿಲೋನಿನಿಂದ ಇದರ ಒಂದು ತಳಿಯನ್ನು ನೀಲಗಿರಿಗೆ ತಂದರು. ಅದು ತಂಪು ನೀರಿನದು. ಬಯಲುಸೀಮೆಗೆ ಹೊಂದುವ ಬ್ಯಾಂಕಾಕ್ ತಳಿ ಬಂದದ್ದು 1957ರಲ್ಲಿ. ತಳದ ಕೆಸರು ಕೆದಕಿ ತಿನ್ನುವುದು ಅದರ ಸ್ವಭಾವ. ನಿಂತ ನೀರಿನಲ್ಲೇ ಮರಿ ಮಾಡುತ್ತದೆ. ಕಾಟ್ಲಾ, ರೋಹು, ಮೃಗಾಲ್ ಹಾಗಲ್ಲ. ಅವು ಉತ್ತರದ ದೊಡ್ಡ ನದಿಗಳ ಮೀನು, ಕೆರೆಯಲ್ಲಿ ಮೊಟ್ಟೆಯಿಡವು. 1957ರಲ್ಲೇ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಅವುಗಳಿಂದ ಮರಿ ಮಾಡಿಸಿದ ಮೇಲೆಯೇ ದೇಶದ ಕೆರೆಕೆರೆಗೂ ಅವುಗಳ ಮರಿ ಬಂತು. ಇನ್ನು ತಮಿಳರು ಜಿಲೇಬಿ ಕೆಂಡೈ ಎನ್ನುವ ತಿಲಾಪಿಯಾ ಗೆಂಡೆಯೇ ಅಲ್ಲ. ಆಫ್ರಿಕದ ಮೂಲದ್ದು, 1952ರಲ್ಲಿ ಬಂದದ್ದು.

ಹಾಗಾದರೆ ಅದಕ್ಕೂ ಮುಂಚೆ ಕೆರೆಯಲ್ಲಿ ಗಾಳಕ್ಕೆ ಬೀಳುತ್ತಿದ್ದದ್ದು ಯಾವುದು? ಈ ಪ್ರಶ್ನೆ ನನ್ನನ್ನು ನಮ್ಮ ಜಿಲ್ಲೆಗೇ ವಾಪಸು ಕರೆತಂದಿತು. ಕಾಸರಗೋಡು ಇನ್ನೂ ದಕ್ಷಿಣ ಕನ್ನಡದಲ್ಲಿದ್ದ ಕಾಲದಲ್ಲಿ ಅಲ್ಲಿ ಕಲೆಕ್ಟರಾಗಿದ್ದವರು ಹೆನ್ರಿ ಸಲಿವನ್ ಥಾಮಸ್. ಅವರ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. 1887ರಲ್ಲಿ ಕೆರೆಯಲ್ಲಿ ಗಾಳ ಹಾಕುವುದಕ್ಕೆಂದೇ 'ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ' ಬರೆದರು. ಬೆಟ್ಟದ ಹೊಳೆಗೆ ಹೋಗಿ ಮಹಶೀರ್ ಹಿಡಿಯಲು ರಜೆ ಸಿಗದ ನನ್ನಂಥ ಗುಮಾಸ್ತನಿಗೆ ಎರಡನೆಯದೇ ಹತ್ತಿರ. ಫ್ರಾನ್ಸಿಸ್ ಡೇ 1874ರಲ್ಲಿ ದಕ್ಷಿಣ ಕನ್ನಡದ ಒಂದು ಮೀನಿಗೆ ಥಾಮಸರ ಹೆಸರನ್ನೇ ಇಟ್ಟಿದ್ದಾರೆ. ಅದೂ ಗೆಂಡೆಯ ಕುಲದ್ದೇ.

ಥಾಮಸರು ಬರಿಯ ಮೋಜುಗಾರರಲ್ಲ. ಮರಿಮೀನುಗಳು ನಾಶವಾಗುತ್ತಿವೆಯೆಂದು ಸರಕಾರಕ್ಕೆ ಬರೆದವರು. ನಮ್ಮ ಮಲಯಾಳಿ ಓದುಗರಿಗೆ ಗೊತ್ತಿರುವ 'ನಂಜು ಕಲಕ್ಕಲ್' ಇದೆಯಲ್ಲ, ಹೊಳೆಗೆ ವಿಷ ಕಲಕಿ ಮೀನು ಹಿಡಿಯುವುದು, ಅದನ್ನೂ ಸಿಡಿಮದ್ದನ್ನೂ ಅಪರಾಧವೆಂದ ಕಾಯಿದೆ 1897ರಲ್ಲಿ ಬಂತು. ಆದರೆ ಈ ಊರಿನ ಕೆರೆಗಳಿಗೆ ಯಾರೂ ವಿಷ ಕಲಕಬೇಕಾಗಿಲ್ಲ. ಚರಂಡಿ ಸಾಕು. ಅಂಥ ನೀರಿನಲ್ಲೂ ತಾಳಿಕೊಳ್ಳುವುದು ಜಿಲೇಬಿ.

ಹಿಡಿದ ಮೀನನ್ನು ಮನೆಗೆ ತರುವ ಧೈರ್ಯ ನನಗಿಲ್ಲ, ಬಿಟ್ಟುಬಿಡುತ್ತೇನೆ. ಹಿರಿಯರಿಗೆ ಇದು ಹಿಡಿಸಲಿಲ್ಲ. "ತಿನ್ನದ ಮೀನಿಗೆ ಗಾಳ ಯಾಕೆ ಸಾರ್?" ಎಂದರು. ನಾನು ಕಾಯುತ್ತಿದ್ದದ್ದು ಅವರು ಹೇಳಿದ 'ನಮ್ಮ ಗೆಂಡೆ'ಗೆ. ಕಳೆದ ಮಳೆಗಾಲದಲ್ಲಿ ಒಂದೇ ಒಂದು ಸಲ ಬೆರಳುದ್ದದ, ನಮ್ಮೂರ ಗದ್ದೆತೋಡಿನ ಪರಲಿನಂಥದ್ದು ಸಿಕ್ಕಿತು. ತೋರಿಸೋಣವೆಂದು ತಿರುಗಿದರೆ ಅವರು ಅಂದು ಬಂದಿರಲಿಲ್ಲ.