ಬಂಡೆ ಸ್ಫೋಟ: ಸಿಡಿಮದ್ದಿನ ಬಳಕೆ ಮತ್ತು ಸುರಕ್ಷತಾ ನಿಯಮಗಳು

ಗಟ್ಟಿ ಬಂಡೆಯಲ್ಲಿ ಕುಳಿ ಕೊರೆದು, ಅದರೊಳಗೆ ಸಿಡಿಮದ್ದು ತುಂಬಿ ಸಿಡಿಸಿ ಕಲ್ಲು ಒಡೆಯುವ ಕೆಲಸವೇ ಬಂಡೆ ಸ್ಫೋಟ. ಕೆಲಸದವರ ಬಾಯಲ್ಲಿ ಇದು ‘ಬ್ಲಾಸ್ಟಿಂಗ್’. ಕಲ್ಲು ಕ್ವಾರಿ, ರಸ್ತೆ, ಬಾವಿ, ಸುರಂಗ, ತಳಪಾಯ ಎಲ್ಲಕ್ಕೂ ಇದು ಬೇಕಾಗುತ್ತದೆ. ದಕ್ಷಿಣ ಬೆಂಗಳೂರಿಗೆ ಇದರ ನಂಟು ನೆಲದಿಂದಲೇ ಬಂದದ್ದು. ಜಯನಗರದ ಮಗ್ಗುಲಿನ ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಅದೇ ಜಾತಿಯ ಕಲ್ಲು ಬನಶಂಕರಿ, ಜೆ.ಪಿ. ನಗರಗಳ ಮಣ್ಣಿನಡಿಯಲ್ಲೂ ಹರಡಿಕೊಂಡಿದೆ. ನೆಲಮಾಳಿಗೆಗೆಂದು ಅಗೆಯುವವರು ಕೆಂಪು ಮಣ್ಣು ಮುಗಿದೊಡನೆ ಅದಕ್ಕೆ ಎದುರಾಗುತ್ತಾರೆ.

ಮದ್ದಿಲ್ಲದೆಯೂ ಈ ಕಲ್ಲನ್ನು ಎಬ್ಬಿಸುವುದು ಇಲ್ಲಿನವರಿಗೆ ಗೊತ್ತಿತ್ತು. ಬಂಡೆಯ ಮೇಲೆ ಸೌದೆ ಬೆಂಕಿಯನ್ನು ನಿಧಾನವಾಗಿ ಸರಿಸುತ್ತ ಹೋದರೆ ಕಾದ ಪದರ ಹಿಗ್ಗಿ ಅಡಿಯ ಕಲ್ಲಿನಿಂದ ಬಿಡಿಸಿಕೊಳ್ಳುತ್ತದೆ. ಬಳಿಕ ಉಳಿ, ಸುತ್ತಿಗೆಯಿಂದ ಚಪ್ಪಡಿ ಸೀಳುತ್ತಾರೆ. ಹಳೆಯ ಮನೆಗಳ ಕಲ್ಲು ಚಪ್ಪಡಿ, ಬೇಲಿಯ ಕಲ್ಲು ಕಂಬಗಳ ಹಿಂದೆ ಇರುವುದು ಈ ಕಸುಬು.

ಸಿಡಿಮದ್ದಿನ ತಯಾರಿಕೆ, ಸಾಗಣೆ, ದಾಸ್ತಾನು, ಮಾರಾಟಗಳನ್ನು ಆಳುವುದು 1884ರ ಸ್ಫೋಟಕ ಕಾಯ್ದೆ ಮತ್ತು ಅದರಡಿಯ 2008ರ ನಿಯಮಗಳು. ಪರವಾನಗಿ ಕೊಡುವ ಮುಖ್ಯ ಸಂಸ್ಥೆ ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಸೊ, ಅಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ. ಗಣಿಯೊಳಗಿನ ಬಳಕೆಯನ್ನು 1961ರ ಲೋಹ ಗಣಿ ನಿಯಮಾವಳಿಯ ಪ್ರಕಾರ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ ನೋಡಿಕೊಳ್ಳುತ್ತದೆ. ಸಿಡಿಮದ್ದಿನ ಕಚ್ಚಾವಸ್ತುವಾದ ಅಮೋನಿಯಂ ನೈಟ್ರೇಟ್‌ಗೆ 2012ರಿಂದ ಪ್ರತ್ಯೇಕ ನಿಯಮಗಳಿವೆ. ಹದಿನೆಂಟು ತುಂಬದವರು ಸಿಡಿಮದ್ದನ್ನು ಮುಟ್ಟುವಂತಿಲ್ಲ.

ದಾಸ್ತಾನು ಕೊಠಡಿಗೆ ‘ಮ್ಯಾಗಜಿನ್’ ಎನ್ನುತ್ತಾರೆ. ಅಲ್ಲಿನ ಮೊದಲ ಪಾಠ, ತೋಟೆ (ಸಿಡಿಮದ್ದಿನ ಕಡ್ಡಿ) ಮತ್ತು ಅದನ್ನು ಸಿಡಿಸುವ ಡಿಟೋನೇಟರ್ ಒಟ್ಟಿಗೆ ಇರಕೂಡದು ಎಂಬುದು. ಇಂದಿನ ತೋಟೆ ಒಂದು ಹೊಡೆತಕ್ಕೆ ಸುಲಭವಾಗಿ ಸಿಡಿಯುವುದಿಲ್ಲ. ನೈಟ್ರೋಗ್ಲಿಸರಿನ್ ಇದ್ದ ಹಳೆಯ ಮದ್ದನ್ನು ಭಾರತದಲ್ಲಿ 2004ರಲ್ಲೇ ನಿಷೇಧಿಸಲಾಯಿತು. ಜನ ಇವತ್ತಿಗೂ ‘ಜಿಲೆಟಿನ್ ಕಡ್ಡಿ’ ಎನ್ನುವುದು ಬಹುಪಾಲು ಸ್ಲರಿ ಅಥವಾ ಎಮಲ್ಷನ್ ಮದ್ದು. ಡಿಟೋನೇಟರ್ ಹಾಗಲ್ಲ. ಕಿರುಬೆರಳಿಗಿಂತ ಸಣ್ಣ ಆ ಲೋಹದ ಕೊಳವೆ ಬಿಸಿ, ತಿಕ್ಕಾಟ, ಪೆಟ್ಟು ಯಾವುದಕ್ಕಾದರೂ ಸಿಡಿಯಬಹುದು, ತನ್ನ ಪಕ್ಕದ ತೋಟೆಗಳನ್ನೂ ಎಬ್ಬಿಸಬಹುದು. ಬೇರೆ ಪೆಟ್ಟಿಗೆ, ಬೇರೆ ಕೋಣೆ, ಬೀಗ, ಲೆಕ್ಕದ ಪುಸ್ತಕ ಎಲ್ಲವೂ ಈ ಕಾರಣಕ್ಕೆ.

ಕುಳಿ ತುಂಬುವವರನ್ನು ಹತ್ತಿರದಿಂದ ನೋಡಿದರೆ ನಿಯಮದ ಅರ್ಥ ಕಾಣುತ್ತದೆ. ಮೊದಲು ಕುಳಿಯೊಳಗಿನ ಪುಡಿಯನ್ನು ಊದಿ ತೆಗೆದು, ಆಳ ಅಳೆಯುತ್ತಾರೆ. ಡಿಟೋನೇಟರ್ ಸಿಕ್ಕಿಸಿದ ತೋಟೆಯನ್ನು ಬಳಸುವ ಹೊತ್ತಿಗಷ್ಟೇ ಸಿದ್ಧಪಡಿಸುತ್ತಾರೆ, ಮುಂಚೆ ಕಟ್ಟಿಡುವುದಿಲ್ಲ. ಒಳಗೆ ತಳ್ಳುವುದು ಮರದ ಕೋಲಿನಿಂದ; ಕಬ್ಬಿಣದ ಸಲಾಕೆ ಆ ಜಾಗದ ಹತ್ತಿರ ಸುಳಿಯುವಂತಿಲ್ಲ, ಅದರ ಒಂದು ಕಿಡಿಯೇ ಸಾಕು. ಕುಳಿಯ ಬಾಯಿಗೆ ಮರಳು ಅಥವಾ ಜೇಡಿಮಣ್ಣು ಗಟ್ಟಿಯಾಗಿ ತುಂಬುತ್ತಾರೆ. ಇಲ್ಲಿ ಆತುರಪಟ್ಟರೆ ಅನಿಲ ಮೇಲಕ್ಕೇ ನುಗ್ಗಿ ಕಲ್ಲು ಹಾರುತ್ತದೆ. ಬಳಿಕ ಸೈರನ್, ಕೆಂಪು ಬಾವುಟ, ದಾರಿಗಳಲ್ಲಿ ಕಾವಲು. ತೆರೆದ ಗಣಿಯಲ್ಲಿ ಅಪಾಯ ವಲಯವೆಂದು 500 ಮೀಟರ್ ಪಾಲಿಸುವುದು ರೂಢಿ. ಮಳೆಮೋಡ ಗುಡುಗುತ್ತಿದ್ದರೆ ತುಂಬುವ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ಎಲ್ಲರೂ ದೂರ ಸರಿಯಬೇಕು.

ಸಿಡಿಯದೆ ಉಳಿದ ಕುಳಿ, ಅಂದರೆ ‘ಮಿಸ್‌ಫೈರ್’, ಈ ವೃತ್ತಿಯ ಅತಿ ಕೆಟ್ಟ ಬಲೆ. ಬತ್ತಿಯಿಂದ ಹೊತ್ತಿಸಿದ್ದರೆ 30 ನಿಮಿಷ ಕಾಯದೆ ಯಾರೂ ಹತ್ತಿರ ಹೋಗಬಾರದು. ವಿದ್ಯುತ್ತಿನಿಂದ ಹೊತ್ತಿಸಿದ್ದರೆ ಸಂಪರ್ಕ ಕಿತ್ತ ಮೇಲೆ 5 ನಿಮಿಷ. ತುಂಬಿದ ಮದ್ದನ್ನು ಕೆದಕಿ ತೆಗೆಯುವ ಮಾತೇ ಇಲ್ಲ. ಕನಿಷ್ಠ 30 ಸೆಂ.ಮೀ. ಅಂತರದಲ್ಲಿ ಬೇರೆ ಕುಳಿ ಕೊರೆದು ಅದನ್ನು ಸಿಡಿಸಬೇಕು. ಹಿಂದಿನ ಸ್ಫೋಟದಲ್ಲಿ ಉಳಿದ ಕುಳಿಯ ತಳವನ್ನು ‘ಅರ್ಧ ಕೆಲಸ ಆಗಿದೆಯಲ್ಲ’ ಎಂದು ಮತ್ತೆ ಕೊರೆಯುವುದೂ ನಿಷಿದ್ಧ. ಅಲ್ಲಿ ಚೂರು ಮದ್ದು ಅಡಗಿರಬಹುದು.

ಊರೊಳಗೆ ಅಪಾಯದ ಸ್ವರೂಪ ಬೇರೆ. ಜಯನಗರದಲ್ಲೋ ಬಿಟಿಎಂನಲ್ಲೋ 500 ಮೀಟರ್ ಖಾಲಿ ಮಾಡಿಸುವುದು ಆಗದ ಮಾತು. ಆದ್ದರಿಂದ ಕಟ್ಟಡ ಕೆಲಸಕ್ಕೆ ಬ್ರೇಕರ್ ಯಂತ್ರ, ಹೈಡ್ರಾಲಿಕ್ ಬೆಣೆ, ವಜ್ರದ ತಂತಿ ಗರಗಸ, ಕುಳಿಯೊಳಗೆ ಹಿಗ್ಗಿ ಕಲ್ಲು ಸೀಳುವ ಪುಡಿ ಇವುಗಳೇ ಸರಿಯಾದ ದಾರಿ. ಬ್ರೇಕರ್‌ನ ಸದ್ದು ಹೆಚ್ಚು, ಈ ವಿಧಾನಗಳ ಖರ್ಚೂ ಹೆಚ್ಚು, ಆದರೂ ಅದೇ ಸರಿ. ಅನಿವಾರ್ಯವಾದಲ್ಲಿ ನಡೆಯುವುದು ನಿಯಂತ್ರಿತ ಸ್ಫೋಟ: ಪ್ರತಿ ಕುಳಿಗೂ ಅಲ್ಪ ಮದ್ದು, ಕುಳಿಗಳ ನಡುವೆ ಮಿಲಿಸೆಕೆಂಡುಗಳ ಅಂತರ, ಮೇಲೆ ಮರಳು ಮೂಟೆ ಮತ್ತು ದಪ್ಪ ರಬ್ಬರ್ ಹಾಸು. ಹತ್ತಿರದ ಗೋಡೆಯ ಬುಡದಲ್ಲಿ ಕಂಪನ ಮಾಪಕ ಇಡುತ್ತಾರೆ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆಯಂತೆ ಗಣಿಗೆ ಸೇರದ ವಾಸದ ಮನೆಗಳಲ್ಲಿ, 8 ಹರ್ಟ್ಸ್‌ಗಿಂತ ಕಡಿಮೆ ಆವರ್ತನದ ಕಂಪನ ಸೆಕೆಂಡಿಗೆ 5 ಮಿ.ಮೀ. ದಾಟಬಾರದು, ಪಾರಂಪರಿಕ ಕಟ್ಟಡಗಳಿಗೆ ಮಿತಿ 2 ಮಿ.ಮೀ. ಮಾತ್ರ. ಇಂಥ ಅಳತೆ, ಸಲಹೆಗಳಲ್ಲಿ ಪರಿಣತವಾದ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಕೆಜಿಎಫ್‌ನಲ್ಲಿ ಆರಂಭವಾಯಿತು. ಅದರ ಬೆಂಗಳೂರು ಕಚೇರಿ ಇರುವುದು ಬನಶಂಕರಿ ಎರಡನೇ ಹಂತದಲ್ಲಿ.

ಕರ್ನಾಟಕದ ಇತ್ತೀಚಿನ ಎರಡು ದೊಡ್ಡ ದುರಂತಗಳು ಮಾತ್ರ ಕುಳಿಯ ಬಳಿ ನಡೆದವಲ್ಲ. 2021ರ ಜನವರಿ 21ರ ರಾತ್ರಿ ಶಿವಮೊಗ್ಗ ಬಳಿಯ ಹುಣಸೋಡಿನಲ್ಲಿ ಸಿಡಿಮದ್ದು ಹೊತ್ತ ಲಾರಿ ಸ್ಫೋಟಿಸಿತು. ಅಕ್ಕಪಕ್ಕದ ಜಿಲ್ಲೆಗಳ ಜನ ಭೂಕಂಪವೆಂದುಕೊಂಡು ಹೊರಗೆ ಓಡಿದರು. ಮುಂದಿನ ತಿಂಗಳೇ, ಫೆಬ್ರುವರಿ 23ರ ನಸುಕಿನಲ್ಲಿ, ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿ ಬಳಿ ಆರು ಮಂದಿ ಸತ್ತರು. ಅಕ್ರಮವಾಗಿ ಇರಿಸಿದ್ದ ಜಿಲೆಟಿನ್ ಕಡ್ಡಿಗಳನ್ನು ವಿಲೇವಾರಿ ಮಾಡಲು ಹೊರಟಾಗ ಅವು ಸಿಡಿದಿದ್ದವು. ಒಂದು ಸಾಗಣೆಯಲ್ಲಿ, ಇನ್ನೊಂದು ವಿಲೇವಾರಿಯಲ್ಲಿ. ಸೈರನ್, ಬಾವುಟಗಳಿಗೆ ನಾವು ಕೊಡುವ ಗಮನದಲ್ಲಿ ಅರ್ಧವನ್ನಾದರೂ ಲಾರಿಗೂ ಲೆಕ್ಕದ ಪುಸ್ತಕಕ್ಕೂ ಕೊಡಬೇಕಿತ್ತು.

2025ರ ಏಪ್ರಿಲ್ 1ರಿಂದ ಕೇಂದ್ರ ಸರ್ಕಾರ ಎಲೆಕ್ಟ್ರಿಕ್ ಡಿಟೋನೇಟರ್‌ಗಳ ತಯಾರಿಕೆ, ಆಮದು ಮತ್ತು ದಾಸ್ತಾನನ್ನು ನಿಷೇಧಿಸಿದೆ. ಸಾಮಾನ್ಯ ಬ್ಯಾಟರಿಯಿಂದಲೂ ಸಿಡಿಯುತ್ತಿದ್ದ ಅವು ಕಳ್ಳ ಕೈಗಳಿಗೆ ಸುಲಭದ ವಸ್ತುವಾಗಿದ್ದವು. ಸಂಕೇತ ದೊರೆತಾಗಷ್ಟೇ ಸಿಡಿಯುವ ಎಲೆಕ್ಟ್ರಾನಿಕ್ ಡಿಟೋನೇಟರ್‌ಗಳು ಅವುಗಳ ಜಾಗಕ್ಕೆ ಬರುತ್ತಿವೆ. ಹಳೆಯವು ಎಲ್ಲೋ ಶೆಡ್ಡಿನ ಮೂಲೆಯಲ್ಲಿ ಉಳಿದಿರಬಹುದು. ನಿವೇಶನ ಅಗೆಯುವಾಗಲೋ ಹಳೆ ಕ್ವಾರಿಯಲ್ಲಿ ಓಡಾಡುವಾಗಲೋ ಎರಡು ತಂತಿಯ ಸಣ್ಣ ಲೋಹದ ಕೊಳವೆ ಅಥವಾ ಕಾಗದ, ಪ್ಲಾಸ್ಟಿಕ್ ಸುತ್ತಿದ ಕಡ್ಡಿ ಕಂಡರೆ ಎತ್ತಬೇಡಿ, ಒದೆಯಬೇಡಿ, ಸುಡಬೇಡಿ. ಮಕ್ಕಳನ್ನು ದೂರವಿಟ್ಟು 112ಕ್ಕೆ ಕರೆ ಮಾಡಿ.