ಅಕ್ರಿಲಿಕ್‌ನ ಸಿಎನ್‌ಸಿ ಕೊರೆತ

ಕಂಪ್ಯೂಟರ್ ತೋರಿಸಿದ ದಾರಿಯಲ್ಲಿ ಗಿರ್ರನೆ ಸುತ್ತುತ್ತ ಸಾಗುವ ಬಿಟ್‌ನಿಂದ ಅಕ್ರಿಲಿಕ್ ಶೀಟನ್ನು ಕೊರೆದು ಬೇಕಾದ ಆಕಾರಕ್ಕೆ ತರುವ ಕೆಲಸ. ಅಂಗಡಿಗಳ ಉಬ್ಬಕ್ಷರ, ನಾಮಫಲಕ, ಯಂತ್ರಗಳ ಪಾರದರ್ಶಕ ಮುಚ್ಚಳಗಳು ಹೀಗೆ ತಯಾರಾಗುತ್ತವೆ. ಅಕ್ರಿಲಿಕ್‌ನ ರಾಸಾಯನಿಕ ಹೆಸರು ಪಾಲಿಮೀಥೈಲ್ ಮೆಥಾಕ್ರಿಲೇಟ್. ಜರ್ಮನಿಯ ಒಟ್ಟೊ ರೋಮ್ ಅವರ ಕಂಪನಿ 1933ರಲ್ಲಿ ಇದಕ್ಕೆ ಪ್ಲೆಕ್ಸಿಗ್ಲಾಸ್ ಎಂಬ ವ್ಯಾಪಾರನಾಮ ನೋಂದಾಯಿಸಿತು.

ಈ ಕೆಲಸದ ತೊಡಕೆಲ್ಲ ಬಿಸಿಯದು. ಅಕ್ರಿಲಿಕ್ ಸುಮಾರು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗುತ್ತದೆ. ಲೋಹದಂತೆ ಶಾಖವನ್ನು ಹರಿಯಬಿಡುವುದೂ ಇಲ್ಲ. ಹುಟ್ಟಿದ ಬಿಸಿ ಬಿಟ್‌ನ ಬಾಯಲ್ಲೇ ನಿಲ್ಲುತ್ತದೆ. ಅದನ್ನು ಹೊತ್ತು ಹೊರಗೆ ಹೋಗಬೇಕಾದ್ದು ಕೊರೆದ ಚೂರು. ಚೂರು ದಪ್ಪವಾಗಿ, ಸುರುಳಿಯಾಗಿ ಸಿಡಿದರೆ ಎಲ್ಲ ಸರಿ. ಹಿಟ್ಟಿನಂತೆ ಉದುರಿದರೆ ಬಿಟ್ ಕತ್ತರಿಸುವ ಬದಲು ತಿಕ್ಕುತ್ತಿದೆ ಎಂದರ್ಥ. ಇನ್ನೂ ಕೆಟ್ಟರೆ ಕರಗಿದ ಅಕ್ರಿಲಿಕ್ ಬಿಟ್‌ಗೆ ಮೆತ್ತಿಕೊಂಡು ಉಂಡೆಯಾಗುತ್ತದೆ, ಕೊರೆದ ಗೆರೆ ಹಿಂದೆಯೇ ಬೆಸೆದುಕೊಳ್ಳುತ್ತದೆ.

ಆದ್ದರಿಂದ ಮೊದಲ ಆಯ್ಕೆ ‘ಓ-ಫ್ಲೂಟ್’ ಎಂಬ ಒಂಟಿ ಅಲಗಿನ ಕಾರ್ಬೈಡ್ ಬಿಟ್. ಇದರ ತೋಡು ಅಗಲ, ನುಣುಪು; ಚೂರು ತಡೆಯಿಲ್ಲದೆ ಮೇಲೆ ಬರುತ್ತದೆ. ಮರ ಕೊರೆದು ಮೊಂಡಾದ ಬಿಟ್ಟನ್ನೇ ಅಕ್ರಿಲಿಕ್‌ಗೂ ಹಾಕುವುದು ದುಡ್ಡು ಉಳಿಸುವ ದಾರಿಯಲ್ಲ, ಶೀಟು ಹಾಳುಮಾಡುವ ದಾರಿ.

ಫೀಡ್, ಅಂದರೆ ಬಿಟ್ ನಿಮಿಷಕ್ಕೆ ಮುಂದೆ ಸಾಗುವ ದೂರ. ಅದರ ಲೆಕ್ಕ ಸರಳ: ಆರ್‌ಪಿಎಂ, ಅಲಗುಗಳ ಸಂಖ್ಯೆ, ಒಂದು ಅಲಗು ತೆಗೆಯುವ ಚೂರಿನ ದಪ್ಪ ಈ ಮೂರರ ಗುಣಲಬ್ಧ. ಸ್ಪಿಂಡಲ್ 18,000 ಆರ್‌ಪಿಎಂ, ಅಲಗು ಒಂದು, ಚೂರು 0.1 ಮಿ.ಮೀ. ಆದರೆ ನಿಮಿಷಕ್ಕೆ 1,800 ಮಿ.ಮೀ. ಅದೇ ಫೀಡ್‌ನಲ್ಲಿ ಎರಡು ಅಲಗಿನ ಬಿಟ್ ಹಾಕಿದರೆ ಚೂರು 0.05ಕ್ಕೆ ಇಳಿದು ಬಿಸಿ ಏರುತ್ತದೆ. ಕರಗುವುದನ್ನು ಕಂಡು ಹೆದರಿ ಫೀಡ್ ಇಳಿಸುವುದು ಹೊಸಬರ ಸಾಮಾನ್ಯ ತಪ್ಪು. ಮಾಡಬೇಕಾದ್ದು ಫೀಡ್ ಏರಿಸುವುದು ಅಥವಾ ಆರ್‌ಪಿಎಂ ಇಳಿಸುವುದು. ಒಂದು ಓಟಕ್ಕೆ ಬಿಟ್‌ನ ಅರ್ಧ ವ್ಯಾಸದಷ್ಟು ಆಳ ಸಾಕು. ಬಿಟ್ಟನ್ನು ನೆಟ್ಟಗೆ ಚುಚ್ಚದೆ ಇಳಿಜಾರಾಗಿ ಇಳಿಸಬೇಕು. ಕೊನೆಗೆ 0.2 ಮಿ.ಮೀ.ನಷ್ಟು ಉಳಿಸಿಕೊಂಡು ಒಂದೇ ಓಟದಲ್ಲಿ ಅಂಚು ಸವರಿದರೆ ಗೆರೆಗಳು ಅಳಿಯುತ್ತವೆ.

ಕನ್ನಡ ಅಕ್ಷರಗಳು ಬಿಟ್‌ನ ವ್ಯಾಸವನ್ನೇ ಪರೀಕ್ಷಿಸುತ್ತವೆ. 3 ಮಿ.ಮೀ. ಬಿಟ್‌ಗೆ 1.5 ಮಿ.ಮೀ.ಗಿಂತ ಕಿರಿದಾದ ತ್ರಿಜ್ಯದ ಒಳಮೂಲೆ ಕೊರೆಯಲಾಗದು. ಒತ್ತಕ್ಷರದ ಸುಳಿಯೊಳಗೆ ಅದು ನುಗ್ಗುವುದೇ ಇಲ್ಲ. 2024ರ ತಿದ್ದುಪಡಿ ಕಾಯ್ದೆ ಕರ್ನಾಟಕದ ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದಿರುವುದರಿಂದ ಬೋರ್ಡ್ ಕೆಲಸದವರಿಗೆ ಇದು ನಿತ್ಯದ ಪ್ರಶ್ನೆ. 1 ಮಿ.ಮೀ. ಬಿಟ್ ಹಾಕಿದರೆ ಸುಳಿ ತೆರೆಯುತ್ತದೆ, ಆದರೆ ಚೂರು 0.03ಕ್ಕೆ, ಫೀಡ್ 540ಕ್ಕೆ ಇಳಿಸದಿದ್ದರೆ ಬಿಟ್ ಪಟ್ಟನೆ ಮುರಿಯುತ್ತದೆ. ದೊಡ್ಡ ಬಿಟ್‌ನಲ್ಲಿ ಹೊರಗೆರೆ, ಸಣ್ಣದರಲ್ಲಿ ಸುಳಿ ಎಂದು ಕೆಲಸ ಹಂಚುವುದೇ ಲೇಸು.

ಶೀಟಿನಲ್ಲೂ ಎರಡು ಜಾತಿ. ಅಚ್ಚಿಗೆ ಎರೆದ ‘ಕಾಸ್ಟ್’ ಶೀಟ್ ಕೊರೆತಕ್ಕೆ ಒಗ್ಗುತ್ತದೆ. ಒತ್ತಿ ಹೊರಡಿಸಿದ ‘ಎಕ್ಸ್‌ಟ್ರೂಡೆಡ್’ ಅಗ್ಗ, ಬೇಗ ಅಂಟಂಟಾಗುತ್ತದೆ. ಕಾಸ್ಟ್ ಶೀಟಿನ ದಪ್ಪ ಜಾಗದಿಂದ ಜಾಗಕ್ಕೆ ಬದಲಾಗುವುದರಿಂದ ಆಳ ನಿಗದಿ ಮಾಡುವ ಮುನ್ನ ವರ್ನಿಯರ್ ಹಿಡಿಯಬೇಕು. ಶೀಟ್ ನಡುಗಿದರೆ ಅಂಚು ಚಕ್ಕೆ ಏಳುತ್ತದೆ, ಹಾಗಾಗಿ ಬಿಗಿಯಾಗಿ ಹಿಡಿದಿರಬೇಕು.

ತಂಪಿಗೆ ಗಾಳಿ ಊದಿದರೆ ಸಾಕು, ಚೂರೂ ಹಾರಿಹೋಗುತ್ತದೆ. ಸ್ಪಿರಿಟ್ ಬಳಸಬಾರದು: ಕೊರೆತದಿಂದ ಒತ್ತಡ ಉಳಿದ ಅಂಚಿಗೆ ಅದು ತಾಗಿದರೆ ಕೂದಲೆಳೆಯಂಥ ಬಿರುಕುಗಳ ಜಾಲ ಹಬ್ಬುತ್ತದೆ. ಉರಿ ತೋರಿಸಿ ಹೊಳಪು ಕೊಟ್ಟ ಅಂಚಿಗೆ ದ್ರಾವಕದ ಅಂಟು ಹಚ್ಚಿದಾಗಲೂ ಇದೇ ಗತಿ. ಅಂಥ ತುಂಡನ್ನು ಸುಮಾರು 80 ಡಿಗ್ರಿ ಓವನ್‌ನಲ್ಲಿ ಕೆಲವು ಗಂಟೆ ಇಟ್ಟು, ನಿಧಾನವಾಗಿ ಆರಿಸಿ, ಆಮೇಲೆ ಅಂಟಿಸುತ್ತಾರೆ.