ತೊಂಬತ್ತಮೂರು ವರ್ಷ ಮುಚ್ಚಿಟ್ಟ ಪುಸ್ತಕ

ಸಾಹಿತ್ಯ ಚರಿತ್ರೆ ಯಾರನ್ನು ಹೊತ್ತು ಮೆರೆಸಿತು ಅನ್ನೋದು ನಮಗೆ ಗೊತ್ತು. ಯಾರನ್ನು ಹೂತು ಹಾಕಿತು ಅನ್ನೋದನ್ನು ಈಗ ಅಗೆದು ನೋಡಬೇಕು.

1881ರಲ್ಲಿ ಸೂರತ್ತಿನ ವಿಜಯಲಕ್ಷ್ಮಿ ಎಂಬ ಬ್ರಾಹ್ಮಣ ವಿಧವೆ ಹೆತ್ತ ಕೂಸನ್ನು ಕೊಂದಳೆಂದು ಕೋರ್ಟು ಗಲ್ಲು ವಿಧಿಸಿತು. ಮೇಲ್ಮನವಿಯಲ್ಲಿ ಅದು ಕರಿನೀರಿನ ಶಿಕ್ಷೆಗೆ ಇಳಿಯಿತು. ಅವಳ ಮರುಮದುವೆಗೆ ಅಡ್ಡಗಟ್ಟಿದ ಶಾಸ್ತ್ರ ಮಾತ್ರ ಕಟಕಟೆ ಹತ್ತಲಿಲ್ಲ. ಮೇಲಾಗಿ, ಪುಣೆಯ ಪತ್ರಿಕೆಯೊಂದು ಇಡೀ ಹೆಣ್ಣುಕುಲವನ್ನೇ ಜರೆಯಿತು.

ಇದನ್ನು ಕಂಡು ಬೇರಾರ್ ಸೀಮೆಯ ಬುಲ್ಢಾಣದ ತಾರಾಬಾಯಿ ಶಿಂದೆಗೆ ಸಿಟ್ಟು ನೆತ್ತಿಗೇರಿತು. ಈಕೆ ಬ್ರಾಹ್ಮಣಳಲ್ಲ, ಮರಾಠಾ ಹೆಣ್ಣುಮಗಳು. ತಂದೆ ಬಾಪೂಜಿ ಹರಿ ಶಿಂದೆ ಫುಲೆಯವರ ಸತ್ಯಶೋಧಕ ಸಮಾಜದವರು. 1882ರಲ್ಲಿ ಆಕೆ ಮರಾಠಿಯಲ್ಲಿ 'ಸ್ತ್ರೀ ಪುರುಷ ತುಲನಾ' ಬರೆದಳು. ಅಚ್ಚಾದದ್ದು 500 ಪ್ರತಿ. ಹೆಣ್ಣಿನ ತಲೆಗೆ ಕಟ್ಟುವ ದುರ್ಗುಣಗಳೆಲ್ಲ ಗಂಡಸಿನಲ್ಲಿ ಇಲ್ಲವೇ ಅಂತ ಒಂದೊಂದಾಗಿ ಲೆಕ್ಕ ಕೇಳಿದಳು. ಶಾಸ್ತ್ರ ಬರೆದವರನ್ನೂ ಬಿಡಲಿಲ್ಲ. ಪಂಡಿತರ ಭಾಷೆಯಲ್ಲಲ್ಲ, ಅಂಗಳದ ಬಿರುಸು ಮಾತಿನಲ್ಲಿ.

ಗಂಡಸರು ಆಡಿಕೊಂಡರು. ಸುಧಾರಕರೆನಿಸಿಕೊಂಡವರೂ ಮೂಗು ಮುರಿದರು. 1885ರಲ್ಲಿ ಜೋತಿಬಾ ಫುಲೆ 'ಸತ್ಸಾರ'ದಲ್ಲಿ ಆಕೆಯ ಪರ ನಿಂತರು. ಆಮೇಲೆ ಮೌನ. ಸಂಶೋಧಕ ಸ.ಗಂ. ಮಾಲಶೆ 1975ರಲ್ಲಿ ಮತ್ತೆ ಅಚ್ಚು ಹಾಕಿಸಿದಾಗಲೇ ಪುಸ್ತಕ ಜನರ ಕೈಗೆ ಬಂತು. 1994ರಲ್ಲಿ ಇಂಗ್ಲಿಷಿಗೂ ಹೋಯಿತು. ತಾರಾಬಾಯಿಯ ಇನ್ನೊಂದು ಪುಸ್ತಕ ಮಾತ್ರ ಸಿಕ್ಕಿಲ್ಲ.

ಅದನ್ನು ಯಾವ ಸರ್ಕಾರವೂ ಸುಡಲಿಲ್ಲ ಗೆಳೆಯರೇ. ಓದದೆ, ಹೆಸರೆತ್ತದೆ, ಪಠ್ಯಕ್ಕೆ ಸೇರಿಸದೆ ಕೊಂದರು. ಸುಡುವುದಕ್ಕೆ ಬೆಂಕಿಯಾದರೂ ಬೇಕು, ಇದಕ್ಕೆ ಸುಮ್ಮನಿದ್ದರೆ ಸಾಕು. ಹಳ್ಳಿಯ ಮೇಷ್ಟ್ರುಗಳೇ, ಲೈಬ್ರರಿಯ ಕೆಳಗಿನ ಸಾಲಿನ ಧೂಳು ಕೊಡವಿ. ಹೆಸರು ಕೇಳದವರ ಪುಸ್ತಕ ಸಿಕ್ಕರೆ ಮಕ್ಕಳೆದುರು ಗಟ್ಟಿಯಾಗಿ ಓದಿ.